ಎರವಲು ಗೊಂಬೆಗಳ ಸಾಲು

ದಸರೆಯಲ್ಲಿ ಯಾರ ಮನೆಗೆ ಗೊಂಬೆ ನೋಡಲು ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಕೆಳಗಿನ ಮೆಟ್ಟಿಲಿಗೆ. ಮೇಲೇನಿರುತ್ತದೆಂದು ಬಾಗಿಲಲ್ಲೇ ಹೇಳಿಬಿಡಬಹುದು. ಕಲಶ, ಅದರ ಮಗ್ಗುಲಲ್ಲಿ ಪಟ್ಟದ ಗೊಂಬೆಗಳು: ಮನೆಯೊಡತಿಯ ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ-ರಾಣಿ, ಹೊಸ ಜರಿಬಟ್ಟೆ ಉಟ್ಟು ನಿಂತಿರುತ್ತವೆ. ಅದರ ಕೆಳಗೆ ದೇವರು, ದಶಾವತಾರ. ಮೆಟ್ಟಿಲು ಮೂರೋ ಐದೋ ಏಳೋ ಒಂಬತ್ತೋ, ಬೆಸ ಸಂಖ್ಯೆಯಾಗಿದ್ದರೆ ಸರಿ. ಇಷ್ಟನ್ನು ಸಂಪ್ರದಾಯವೇ ತೀರ್ಮಾನಿಸಿಟ್ಟಿದೆ. ಕೊನೆಯ ಮೆಟ್ಟಿಲು ಮತ್ತು ಅದರ ಮುಂದಿನ ನೆಲವನ್ನು ಮಾತ್ರ ಅದು ಮನೆಯವರಿಗೇ ಬಿಟ್ಟಿದೆ. ಶೆಟ್ಟಿ-ಶೆಟ್ಟಿತಿಯ ಅಂಗಡಿ, ತಟ್ಟೆಯಲ್ಲಿ ರಾಗಿ ಚೆಲ್ಲಿ ಚಿಗುರಿಸಿದ ಪಾರ್ಕು, ಝೂ, ಜಂಬೂಸವಾರಿ ಎಲ್ಲ ಬರುವುದು ಅಲ್ಲಿ. ನಾಲ್ಕು ವರ್ಷದ ಮಗು ಚಾಪೆಯ ಮೇಲೆ ಕೂತರೆ ಕಣ್ಣಿಗೆ ನೇರವಾಗಿ ಸಿಗುವುದೂ ಅದೇ.

ಮೈಸೂರಿನಲ್ಲಿ ಈ ಹವ್ಯಾಸಕ್ಕೆ ದೊಡ್ಡ ಮಾದರಿಗಳಿವೆ. ಅರಮನೆಯಲ್ಲಿ ಗೊಂಬೆ ತೊಟ್ಟಿ ಇದೆ. ನಜರ್‌ಬಾದಿನಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನ 2005ರಿಂದ ದಸರೆಯ ಹೊತ್ತಿಗೆ ‘ಬೊಂಬೆ ಮನೆ’ ನಡೆಸಿಕೊಂಡು ಬಂದಿದೆ. ದೇಶದ ನಾನಾ ಕಡೆಯ ಗೊಂಬೆಗಳು ಅಲ್ಲಿ ಒಟ್ಟಿಗೆ ಸಿಗುತ್ತವೆ. ನಂಜನಗೂಡು, ತಿ. ನರಸೀಪುರಗಳಲ್ಲಿ ಅಂಥದ್ದಿಲ್ಲ. ಮನೆಗಳೇ ಪ್ರದರ್ಶನ, ಬೀದಿಯೇ ಪ್ರೇಕ್ಷಕರು. ಈ ಎರಡು ಊರುಗಳ ಗೊಂಬೆ ಸಾಲುಗಳನ್ನು ಮೈಸೂರಿನ ಅಳತೆಗೋಲಿನಿಂದ ನೋಡಿ ‘ಪರವಾಗಿಲ್ಲ’ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮೈಸೂರಿನ ಅನೇಕ ಮನೆಗಳಲ್ಲಿ ಈಗ ಸಿಗದ ಒಂದು ಗುಣ ಇಲ್ಲಿ ಉಳಿದಿದೆ.

ನಂಜನಗೂಡಿನ ಮಕ್ಕಳಿಗೆ ದೊಡ್ಡ ಜಾತ್ರೆಯ ಐದು ರಥಗಳ ಹೆಸರು ಬಾಯಿಪಾಠ: ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ. ಹಾಗಾಗಿ ಅಲ್ಲಿ ಕೆಳಗಿನ ಮೆಟ್ಟಿಲಲ್ಲಿ ಪಂಚರಥ ಮಾಡಿದರೆ ತಪ್ಪಿಸಿಕೊಳ್ಳುವಂತಿಲ್ಲ. ನಾನು ನೋಡಿದ ಒಂದು ಮನೆಯಲ್ಲಿ ರಟ್ಟು ಮತ್ತು ಐಸ್‌ಕ್ರೀಮ್ ಕಡ್ಡಿಯಲ್ಲಿ ರಥ ಕಟ್ಟಿದ್ದರು. ಶ್ರೀಕಂಠೇಶ್ವರನ ಗೌತಮ ರಥವನ್ನು ಉಳಿದವುಗಳಷ್ಟೇ ಎತ್ತರಕ್ಕೆ ಮಾಡಿದ್ದಕ್ಕೆ ಎರಡನೇ ಕ್ಲಾಸಿನ ಹುಡುಗನೊಬ್ಬ, ‘ಆಂಟಿ, ಸ್ವಾಮಿ ರಥ ಇಷ್ಟೇನಾ?’ ಅಂದ. ಮಾರನೆಯ ದಿನ ಹೋದಾಗ ಅದಕ್ಕೆ ಇನ್ನೆರಡು ಅಂತಸ್ತು ಬಂದಿತ್ತು, ಆ ಅಂತಸ್ತಿಗೆ ಬಣ್ಣದ ಕಾಗದ ಅಂಟಿಸಿದವನು ಅದೇ ಹುಡುಗ. ಅಂಗಡಿಯಿಂದ ತಂದ ಸೆಟ್ಟಿಗೆ ಇಂಥ ತಿದ್ದುಪಡಿ ಸಾಧ್ಯವಿಲ್ಲ. ಇನ್ನೊಂದು ಮನೆಯವರು 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಪಿಲೆಯ ಕಲ್ಲುಸೇತುವೆಯನ್ನು ಬೆಂಕಿಪೊಟ್ಟಣಗಳಿಂದ ಮಾಡಿ ಅದರ ಮೇಲೊಂದು ಆಟದ ರೈಲು ಇಟ್ಟಿದ್ದರು. ಬಸ್ಸೂ ರೈಲೂ ಒಂದೇ ಸೇತುವೆಯ ಮೇಲೆ ಹೋಗುತ್ತಿದ್ದ ಕಾಲವನ್ನು ಅಜ್ಜ ಅಲ್ಲೇ ಕೂತು ಬಂದವರಿಗೆಲ್ಲ ವಿವರಿಸುತ್ತಿದ್ದರು.

ತಿ. ನರಸೀಪುರದ ಒಂದು ಮನೆಯ ಸಂಗಮವನ್ನು ನಾನು ಮರೆಯಲಾರೆ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಊರು ಅದು, ತ್ರಿವೇಣಿ ಸಂಗಮ ಮಾಡಬೇಕೆನ್ನಿಸುವುದು ಸಹಜ. ಕಾವೇರಿಗೆ ನೀಲಿ ಬಟ್ಟೆ, ಕಪಿಲೆಗೆ ಹಸಿರು ರವಿಕೆ ಕಣ ಹಾಸಿದರಾಯಿತು. ಕಣ್ಣಿಗೆ ಕಾಣದ ಸ್ಫಟಿಕ ಸರೋವರಕ್ಕೆ ಏನು ಮಾಡುವುದು? ಆ ಮನೆಯಾಕೆ ಎರಡು ಬಟ್ಟೆ ಸೇರುವಲ್ಲಿ ಅಡಿಯಲ್ಲೊಂದು ಕನ್ನಡಿ ಚೂರು ಇಟ್ಟು, ಬಟ್ಟೆಯನ್ನು ಒಂದೆಳೆ ಮಾತ್ರ ಸರಿಸಿದ್ದರು. ಬಗ್ಗಿ ನೋಡಿದವರಿಗಷ್ಟೇ ದೀಪದ ಬೆಳಕು ಅಲ್ಲಿ ಮಿನುಗುತ್ತಿತ್ತು. ಇದನ್ನು ನಾನು ಕಲೆ ಎನ್ನುತ್ತೇನೆ, ಯಾವ ಮುಜುಗರವೂ ಇಲ್ಲದೆ.

ಈಗ ಸೆಟ್ಟುಗಳ ಮಾತಿಗೆ ಬರಬೇಕು. ಕಂಚಿ, ಪನ್ರುಟಿ, ಕೊಂಡಪಲ್ಲಿಗಳಿಂದ ಬರುವ ಅಷ್ಟಲಕ್ಷ್ಮಿ, ಕಲ್ಯಾಣೋತ್ಸವ, ಸೀಮಂತದ ಸೆಟ್ಟುಗಳು ಈ ಊರುಗಳಿಗೂ ಬಂದಿವೆ. ಅವುಗಳಿಂದ ಕುಂಬಾರರಿಗೆ, ಬಣ್ಣ ಹಾಕುವವರಿಗೆ ಕೆಲಸ ಸಿಗುತ್ತದೆ, ಅದು ಸಣ್ಣ ವಿಷಯವಲ್ಲ. ಟ್ರಂಕು, ಬೆಂಚು, ಸೀಮೆಎಣ್ಣೆ ಡಬ್ಬ ಜೋಡಿಸಿ ಬಿಳಿ ಪಂಚೆ ಹೊದಿಸುವ ಬದಲು ಮಡಚುವ ಸ್ಟೀಲ್ ಸ್ಟ್ಯಾಂಡು ಅರ್ಧ ಗಂಟೆಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಬಸ್ಸು ಹಿಡಿದು ಮೈಸೂರಿಗೆ ಕೆಲಸಕ್ಕೆ ಹೋಗುವ ಹೆಂಗಸಿಗೆ ಅದರ ಬೆಲೆ ಗೊತ್ತು. ನನ್ನ ತಕರಾರು ಬೇರೆ. ಸೆಟ್ಟು ಎಂದರೆ ತುಂಬಿದ ಮನೆ. ಅದಕ್ಕೆ ಯಾರ ಆನೆಯೂ ಬೇಡ. ಹಿಂದೆ ಮೆರವಣಿಗೆಗೆ ಒಂದು ಕುದುರೆ ಕಮ್ಮಿ ಬಿದ್ದರೆ ಪಕ್ಕದ ಮನೆಗೆ ಹೋಗಿ ಕೇಳಬೇಕಿತ್ತು. ಆ ಕೇಳುವ ದಾಕ್ಷಿಣ್ಯ, ಕೊಡುವ ಸಂತೋಷ, ವಿಜಯದಶಮಿಯಾದ ಮೇಲೆ ಜೋಪಾನವಾಗಿ ಹಿಂತಿರುಗಿಸುವ ಜವಾಬ್ದಾರಿ ಎಲ್ಲ ಆ ಕೊರತೆಯಿಂದಲೇ ಹುಟ್ಟುತ್ತಿದ್ದವು.

ನಾನು ನೋಡಿದ ಅತ್ಯುತ್ತಮ ಗೊಂಬೆ ಸಾಲು ಹಾಗೆ ಹುಟ್ಟಿದ್ದು. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರಿಗೆ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಬೀದಿಗಳಿಗೆ ನುಗ್ಗಿತು, ಮೈಸೂರು ರಸ್ತೆಯೂ ಮುಳುಗಿತು. ಹೊಳೆಗೆ ಹತ್ತಿರದ ಒಂದು ಮನೆಯಲ್ಲಿ ಅಟ್ಟದ ರಿಪೇರಿಗೆಂದು ಗೊಂಬೆ ಟ್ರಂಕುಗಳನ್ನು ಕೆಳಗಿಳಿಸಿದ್ದರು. ಹಸಿಮಣ್ಣಿನವು ಹಳೆ ಪಂಚೆಯ ಸುತ್ತಿನೊಳಗೇ ಕರಗಿ ಕೆಸರಾದವು. ಸುಟ್ಟ ಮಣ್ಣಿನವು ಬಣ್ಣ ಬಿಟ್ಟವು. ಮರದ ರಾಜ-ರಾಣಿ ಮಾತ್ರ ಉಳಿದರು. ಸೆಪ್ಟೆಂಬರ್ 29ಕ್ಕೆ ನವರಾತ್ರಿ. ‘ಈ ಸಲ ಪಟ್ಟದ ಗೊಂಬೆ ಒಂದಿಟ್ಟು ಪೂಜೆ ಮಾಡ್ತೀನಿ ಸಾಕು’ ಎಂದಿದ್ದರಂತೆ ಮನೆಯಾಕೆ. ಹಿಂದಿನ ಸಂಜೆ ಎದುರು ಮನೆಯವರು ಒಂದು ಅರಗಿನ ಬಣ್ಣದ ಚನ್ನಪಟ್ಟಣದ ಆನೆ ತಂದು, ‘ಅಕ್ಕ, ನಮ್ಮ ಮೆಟ್ಟಿಲಲ್ಲಿ ಜಾಗ ಇಲ್ಲ, ನಿಮ್ಮಲ್ಲಿ ಇಟ್ಕೊಳ್ಳಿ’ ಎಂದರು. ಜಾಗ ಇಲ್ಲ ಎನ್ನುವುದು ಸುಳ್ಳು, ಅದು ಇಬ್ಬರಿಗೂ ಗೊತ್ತಿತ್ತು. ರಾತ್ರಿಯೊಳಗೆ ನಾಲ್ಕು ಮನೆಗಳಿಂದ ಗೊಂಬೆ ಬಂದವು. ಐದು ಮೆಟ್ಟಿಲು ತುಂಬಿದವು.

ಏನು ಸಾಲು ಅದು! ಕೃಷ್ಣನಿಲ್ಲದ ರಾಧೆ. ದೊಡ್ಡ ಆನೆಯ ಮುಂದೆ ಬೆರಳುದ್ದದ ಮಾವುತರು. ಪ್ಲಾಸ್ಟರ್ ಗಾಂಧಿಯ ಪಕ್ಕ ಹತ್ತೇ ಜನರ ಕ್ರಿಕೆಟ್ ತಂಡ. ಅಳತೆ ಕೂಡಿರಲಿಲ್ಲ, ಬಣ್ಣ ಹೊಂದಿರಲಿಲ್ಲ. ಆದರೂ ಕಣ್ಣು ಪ್ರತಿ ಗೊಂಬೆಯ ಹತ್ತಿರವೂ ನಿಲ್ಲುತ್ತಿತ್ತು. ಸೆಟ್ಟಿನ ಎಂಟು ಲಕ್ಷ್ಮಿಯರಿಗೆ ಒಂದೇ ನಗು, ಮೊದಲನೆಯವಳನ್ನು ನೋಡಿದರೆ ಉಳಿದ ಏಳರ ಮೇಲೆ ದೃಷ್ಟಿ ಜಾರಿಹೋಗುತ್ತದೆ. ಇಲ್ಲಿ ಪ್ರತಿಯೊಂದನ್ನೂ ಯಾರೋ ಆರಿಸಿ ಕಳಿಸಿದ್ದರು. ಒಂದು ಮಾಸಿದ ಹಸುವಿಗೆ ಕಣ್ಣೇ ಇರಲಿಲ್ಲ. ಮನೆಯಾಕೆಯ ತವರು ತಿ. ನರಸೀಪುರ, ಗುಂಜಾ ನರಸಿಂಹಸ್ವಾಮಿಯ ಊರು. ಬೆರಳ ತುದಿಯಲ್ಲಿ ಗುಲಗಂಜಿ ಹಿಡಿದ ಆ ದೇವರ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ನಂಬಿಕೆಯಲ್ಲಿ ಬೆಳೆದವರು. ಮಣ್ಣಿನ ಗಣಪನಿಗೆ ಇಡುವ ಹಾಗೆ ಹಸುವಿಗೂ ಎರಡು ಗುಲಗಂಜಿಯ ಕಣ್ಣು ಅಂಟಿಸಿದರು. ಗುಲಗಂಜಿ ಅಗಿದರೆ ವಿಷ. ಅದಕ್ಕೆಂದೇ ಹಸುವನ್ನು ಕೆಳಗಿನ ಪಾರ್ಕಿನಿಂದ ಎತ್ತಿ ಮಕ್ಕಳ ಕೈಗೆಟುಕದ ನಾಲ್ಕನೇ ಮೆಟ್ಟಿಲಿಗೆ, ಗೋವರ್ಧನ ಗಿರಿಧಾರಿಯ ಬಳಿಗೆ ಸೇರಿಸಿದರು. ಅಲಂಕಾರದ ತೀರ್ಮಾನವೊಂದು ಇಷ್ಟು ಚೆಂದವೂ ಇಷ್ಟು ಅಕ್ಕರೆಯದೂ ಆಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೊಂಬೆ ಹವ್ಯಾಸಿಗಳ ಒಳ್ಳೆಯತನ ಇಂಥ ದೊಡ್ಡ ಸಂದರ್ಭಕ್ಕೆ ಕಾಯುವುದಿಲ್ಲ ಎನ್ನುವುದನ್ನೂ ಹೇಳಬೇಕು. ಮೂಗು ಮುರಿದ ಸರಸ್ವತಿಯ ಫೋಟೋ ಫೋನಿನಲ್ಲಿ ಕಳಿಸಿದರೆ ಎಮ್‌ಸೀಲ್ ಎಷ್ಟು ಕಲಸಬೇಕು, ಎಷ್ಟು ಹೊತ್ತು ಒಣಗಬೇಕು, ಬಣ್ಣ ಯಾವಾಗ ಎಂದು ಹತ್ತು ನಿಮಿಷದಲ್ಲಿ ಉತ್ತರ ಬರುತ್ತದೆ. ಮೊದಲ ಸಲ ಮೂರು ಮೆಟ್ಟಿಲು ಇಟ್ಟ ಹೊಸ ಸೊಸೆಗೆ ಅನುಭವಸ್ಥರು ‘ಚಿಕ್ಕದಾಯ್ತಲ್ಲ’ ಎನ್ನುವುದಿಲ್ಲ. ‘ನಿಮ್ಮ ಪಾರ್ಕಿನ ರಾಗಿ ಎಷ್ಟು ಚೆನ್ನಾಗಿ ಬಂದಿದೆ, ಯಾವತ್ತು ನೆನೆಸಿದ್ರಿ?’ ಎನ್ನುತ್ತಾರೆ. ಇದು ಮುಖಸ್ತುತಿಯಲ್ಲ, ನಿಜವಾಗಿ ಚೆನ್ನಾಗಿರುವುದನ್ನು ಹುಡುಕಿ ಹೇಳುವ ಕಷ್ಟದ ಕೆಲಸ. ಸ್ಪರ್ಧೆ, ಬಹುಮಾನ ಬಂದ ಕಡೆ ಈ ನಡೆ ಸೊರಗುತ್ತಿದೆ. ತೀರ್ಪುಗಾರರು ಬರುವವರೆಗೂ ಮಕ್ಕಳನ್ನು ಹತ್ತಿರ ಬಿಡದ ಮನೆಗಳನ್ನು ನೋಡಿದ್ದೇನೆ, ಬೇಸರವಾಗಿದೆ.

ಆದರೆ ಈ ಪದ್ಧತಿಯನ್ನು ಹೊಗಳುವಾಗ ಅದರ ಹಳೆಯ ಗಾಯವನ್ನು ಮುಚ್ಚಿಡಬಾರದು. ‘ಗೊಂಬೆ ಕೂರ್ಸಿದ್ದೀರಾ?’ ಎಂದು ಮಕ್ಕಳು ಕೂಗಿಕೊಂಡು ಬಂದರೆ ಚರುಪಿನ ತಿಂಡಿ ಹಂಚುವುದು ಈ ಸೀಮೆಯ ರೂಢಿ. ಎಲ್ಲ ಮಕ್ಕಳೂ ಒಳಗೆ ಬರುತ್ತಿದ್ದರೇ? ಇಲ್ಲ. ಕೆಲವು ಕೇರಿಯ ಮಕ್ಕಳಿಗೆ ಚರುಪು ಗೇಟಿನ ಬಳಿಯೇ ಮುಗಿಯುತ್ತಿತ್ತು. ಗೊಂಬೆ ಹೇಗಿದೆಯೆಂದು ಅವರು ಕಂಡಿದ್ದೇ ಇಲ್ಲ. ಆರತಿ, ಕುಂಕುಮ ಮುತ್ತೈದೆಯರಿಗೆ ಮಾತ್ರ. ಆ ಗೊಂಬೆಗಳನ್ನೆಲ್ಲ ಐವತ್ತು ವರ್ಷ ಕಾಪಾಡಿದ ಅಜ್ಜಿ ಗಂಡ ತೀರಿದ ವರ್ಷದಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಯಾವ ಗೊಂಬೆಯ ಚೆಲುವೂ ಇದನ್ನು ತೂಗಿಸಲಾರದು. ಇವತ್ತು ಯಾವ ಮನೆಯ ಗೊಂಬೆ ಸಾಲನ್ನಾದರೂ ನಾನು ಮೆಚ್ಚಬೇಕಾದರೆ, ಆ ಚಾಪೆಯ ಮೇಲೆ ಯಾರು ಯಾರು ಕೂತಿದ್ದಾರೆ ಎಂದೂ ನೋಡುತ್ತೇನೆ. ನಂಜನಗೂಡಿನ ಆ ಹೊಳೆದಡದ ಮನೆಯಲ್ಲಿ ಆ ವರ್ಷ ಮೊದಲ ಆರತಿ ಎತ್ತಿದ್ದು ಮನೆಯಾಕೆಯ ವಿಧವೆ ಅತ್ತೆ. ನೆರೆ ಬಂದಾಗ ರಾಜ-ರಾಣಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಬಂದವರು ಅವರೇ.

ವಿಜಯದಶಮಿಯ ರಾತ್ರಿ ಒಂದೊಂದು ಮೆಟ್ಟಿಲಲ್ಲೂ ಒಂದು ಗೊಂಬೆ ಮಲಗಿಸಿ, ಮರುದಿನ ಎಲ್ಲವನ್ನೂ ಇಳಿಸಿದರು. ಆನೆಯನ್ನು ಹಿಂತಿರುಗಿಸಲು ಹೋದಾಗ ಎದುರು ಮನೆಯವರು ತೆಗೆದುಕೊಳ್ಳಲಿಲ್ಲ. ಮುಂದಿನ ವರ್ಷ ನಾನು ಹೋದಾಗ ಆನೆ ಅಲ್ಲೇ ಇತ್ತು. ಎತ್ತಿ ನೋಡಿದೆ. ಪಾದದಡಿ ಪೆನ್ಸಿಲಿನಲ್ಲಿ ಎದುರು ಮನೆಯ ನಂಬರು, ಅದರ ಕೆಳಗೆ ಹೊಸದಾಗಿ ಈ ಮನೆಯದು, ಎರಡನ್ನೂ ಯಾರೂ ಅಳಿಸಿರಲಿಲ್ಲ.