ದತ್ತಸಂಚಯದಲ್ಲಿ ಅಕಾರಾದಿ ಕ್ರಮ

ಗಣಿತವಿದ್ಯೆಯಲ್ಲಿ ಪಳಗಿದ ಎಡ್ಗರ್ ಕಾಡ್ ಅವರು ೧೯೭೦ರಲ್ಲಿ ಪ್ರಕಟಿಸಿದ ಪ್ರಬಂಧವು ಇಂದಿನ ಸಂಬಂಧಾತ್ಮಕ ದತ್ತಸಂಚಯಗಳಿಗೆ, ಎಂದರೆ ವ್ಯವಹಾರದಲ್ಲಿ ಡೇಟಾಬೇಸ್ ಎನ್ನಿಸಿಕೊಳ್ಳುವವುಗಳಿಗೆ, ಮೂಲಸೂತ್ರಪ್ರಾಯವಾದುದು. ಕೋಷ್ಟಕದ ಸಾಲುಗಳಿಗೆ ಸ್ವಾಭಾವಿಕವಾದ ಪೂರ್ವಾಪರವಿಲ್ಲವೆಂಬುದು ಅದರ ಮುಖ್ಯಾಂಶಗಳಲ್ಲೊಂದು. ಕ್ರಮವು ಬೇಕಾದವನು ಅದನ್ನು ಕೇಳಿಯೇ ಪಡೆಯಬೇಕು. ಎಸ್‌ಕ್ಯೂಎಲ್ ಭಾಷೆಯ 'ಆರ್ಡರ್ ಬೈ' ಎಂಬ ವಾಕ್ಯಾಂಗವಿರುವುದು ಇದಕ್ಕಾಗಿಯೇ. ಕೇಳದಿದ್ದರೆ, ಇಂದು ಬಂದ ಕ್ರಮವೇ ನಾಳೆಯೂ ಬಂದೀತೆಂಬ ನೆಚ್ಚಿಕೆಯಿಲ್ಲ.

ಈ ಸಿದ್ಧಾಂತವು ಉದಾರವಾದುದೆಂದೇ ನಮ್ಮ ಅಭಿಪ್ರಾಯ. ಒಂದೇ ಗ್ರಂಥಸೂಚಿಯನ್ನು ಒಬ್ಬರು ಕರ್ತೃನಾಮದಿಂದಲೂ ಮತ್ತೊಬ್ಬರು ಕಾಲಾನುಕ್ರಮದಿಂದಲೂ ಓದಬಹುದಷ್ಟೆ. ಆದರೆ ಒಂದು ಪ್ರಶ್ನೆಯು ಉಳಿದೇ ಇರುವುದು: ಅಕಾರಾದಿಯೆಂದರೆ ಯಾರ ಅಕಾರಾದಿ?

ಕನ್ನಡದ ಮಟ್ಟಿಗೆ ಇದು ಬರಿಯ ತರ್ಕದ ಮಾತಲ್ಲ. ಯಂತ್ರವು ಅಕ್ಷರವನ್ನರಿಯದು, ಅಕ್ಷರಕ್ಕೆ ಕೊಟ್ಟ ಸಂಖ್ಯೆಯನ್ನು ಮಾತ್ರ ಬಲ್ಲುದು. ಬೇರೆ ನಿಯಮವನ್ನು ವಿಧಿಸದೆಡೆಯಲ್ಲಿ ಯೂನಿಕೋಡ್ ಸಂಖ್ಯೆಗಳ ಏರಿಕೆಯೇ ಪದಗಳ ಕ್ರಮವಾಗಿಬಿಡಬಹುದು. ಆ ಸಂಖ್ಯೆಗಳಾದರೋ ಭಾರತೀಯ ಲಿಪಿಗಳಿಗೆ ಸಮಾನವಾದ ಒಂದೇ ಎರಕದಲ್ಲಿ ಸಿದ್ಧವಾದ ೧೯೮೮ರ ಇಸ್ಕಿ ಸಂಕೇತವನ್ನನುಸರಿಸಿದವು. ಅಲ್ಲಿ ಳಕಾರವು ಲಕಾರದ ಬೆನ್ನಿಗೆ, ವಕಾರಕ್ಕಿಂತ ಮುಂಚೆ ಬರುವುದು. ನಮ್ಮ ವರ್ಣಮಾಲೆಯಲ್ಲಿ ಅದರ ಸ್ಥಾನವು ಹಕಾರದ ಅನಂತರ. ಆದುದರಿಂದ 'ಕಲಶ, ಕವನ, ಕಸಬು, ಕಹಳೆ, ಕಳಸ' ಎಂದಿರಬೇಕಾದುದು 'ಕಲಶ, ಕಳಸ, ಕವನ, ಕಸಬು, ಕಹಳೆ' ಎಂದಾಗುವುದು. ಕಹಳೆಯ ಮುಂದೆ ಕಳಸವನ್ನರಸುವ ವಿದ್ಯಾರ್ಥಿಯು ಆ ಶಬ್ದವೇ ಕೋಶದಲ್ಲಿಲ್ಲವೆಂದು ನಿರ್ಣಯಿಸಿ ಹಿಂದಿರುಗುವನು. ಹಳಗನ್ನಡದ ೞಕಾರದ ಪಾಡು ಇನ್ನೂ ವಿಪರೀತ. ಅದರ ಸಂಖ್ಯೆಯು ಸ್ವರಚಿಹ್ನೆಗಳೆಲ್ಲ ಮುಗಿದಮೇಲೆ ಇರುವುದರಿಂದ, 'ಕೞ್ತೆ'ಯು ಕಾಡು, ಕೋಗಿಲೆಗಳನ್ನು ಮಾತ್ರವಲ್ಲದೆ ಕ್ರಮವನ್ನೂ ಕ್ಷಮೆಯನ್ನೂ ದಾಟಿ ಕಕಾರದ ಕಟ್ಟಕಡೆಗೆ ಹೋಗಿ ನಿಲ್ಲುವುದು!

ಇದಕ್ಕೆ ಪರಿಹಾರವಿಲ್ಲದಿಲ್ಲ. ಸಂಕೇತಕ್ರಮವು ಭಾಷೆಯ ಕ್ರಮವಲ್ಲವೆಂಬುದನ್ನು ಯೂನಿಕೋಡ್ ಸಂಸ್ಥೆಯೇ ಒಪ್ಪಿ, ಪದಗಳ ಜೋಡಣೆಗೆ ಪ್ರತ್ಯೇಕವಾದ ವಿಧಾನವನ್ನು ಹೇಳಿದೆ. ಎಸ್‌ಕ್ಯೂಎಲ್ ಭಾಷೆಯ ೧೯೯೨ರ ಪರಿಷ್ಕರಣದಲ್ಲಿಯೂ, ಬೇಕಾದ ವರ್ಣಕ್ರಮವನ್ನು 'ಕೊಲೇಷನ್' ಎಂಬ ಹೆಸರಿನಿಂದ ವಿಧಿಸುವುದಕ್ಕೆ ಎಡೆಯಿದೆ. ಆದಕಾರಣ ದೋಷವು ಕಾಡ್ ಅವರ ಸಿದ್ಧಾಂತದ್ದಲ್ಲ. ಕೇಳತಕ್ಕದ್ದನ್ನು ಕೇಳದೆ ಬಿಟ್ಟ ಸಂಪಾದಕರದು. ನಿಘಂಟುಗಳನ್ನೂ ಗ್ರಂಥಸೂಚಿಗಳನ್ನೂ ಯಂತ್ರಕ್ಕೊಪ್ಪಿಸುವ ವಿದ್ವಾಂಸರು, ತಾವು ಅಂಗೀಕರಿಸಿದ ವರ್ಣಕ್ರಮವನ್ನು ಪೀಠಿಕೆಯಲ್ಲಿ ವಾಚಕರಿಗೆ ತಿಳಿಸುವುದಲ್ಲದೆ ಯಂತ್ರಕ್ಕೂ ವಿಧಿಸತಕ್ಕದ್ದು. ಇದ್ದೂ ಸಿಕ್ಕದ ಶಬ್ದವು, ಅರಸಿ ಬಂದವನ ಪಾಲಿಗೆ ಇಲ್ಲದ ಶಬ್ದವೇ ಸರಿ.