ಹೆಸರು ಗೊತ್ತಿದ್ದವರಿಗಷ್ಟೇ ಸಲೀಸಾದ ಭಂಡಾರ

ಡೆಬಿಯನ್ ಮುಕ್ತ ತಂತ್ರಾಂಶದ ಹಳೆಯ, ದೊಡ್ಡ ಭಂಡಾರಗಳಲ್ಲಿ ಒಂದು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆಯ 12ನೆಯ ಆವೃತ್ತಿ 2023ರ ಜೂನ್‌ನಲ್ಲಿ ಹೊರಬಂದಾಗ ಅದರಲ್ಲಿ 64,000ಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಇಷ್ಟರಲ್ಲಿ ಬೇಕಾದ ಒಂದನ್ನು ಬಳಕೆದಾರರಿಗೆ ತಲುಪಿಸಲು ಡೆಬಿಯನ್ ಹಲವು ಉಪಾಯಗಳನ್ನು ಹೂಡಿದೆ. ಅವು ಎಷ್ಟು ಫಲ ಕೊಟ್ಟಿವೆ ಎಂದು ನೋಡಲು ಕನ್ನಡದ ಬಳಕೆದಾರರೇ ಸರಿಯಾದ ಪರೀಕ್ಷಕರು. ಇಂಗ್ಲಿಷ್ ಬಳಕೆದಾರರಿಗೆ ಎದುರಾಗದ ತೊಡಕುಗಳು ಇವರಿಗೆ ಮೊದಲ ಹೆಜ್ಜೆಯಲ್ಲೇ ಎದುರಾಗುತ್ತವೆ.

ಹಾವೇರಿ ಜಿಲ್ಲೆಯ ಬಂಕಾಪುರದಂಥ ಊರಿನ ಡಿಟಿಪಿ ಅಂಗಡಿಯ ಅಗತ್ಯವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಲಗ್ನಪತ್ರಿಕೆಗೂ ಜಾತ್ರೆಯ ಹ್ಯಾಂಡ್‌ಬಿಲ್ಲಿಗೂ ಒಪ್ಪುವ ಯೂನಿಕೋಡ್ ಫಾಂಟ್ ಬೇಕು; ಕೈಗೆ ರೂಢಿಯಾದ ನುಡಿ ಕೀಲಿಮಣೆ ಬೇಕು; ಸ್ಕ್ಯಾನ್ ಮಾಡಿದ ಹಳೆಯ ಪುಟವನ್ನು ಪಠ್ಯವಾಗಿಸುವ ಓಸಿಆರ್ ಬೇಕು. ಮೂರೂ ಡೆಬಿಯನ್‌ನಲ್ಲಿ ಇವೆ. ಮೂರೂ ಸಮಾನವಾಗಿ ಸಿಗುವುದಿಲ್ಲ.

ಎಲ್ಲರೂ ಮೊದಲು ಬಳಸುವುದು ಪದದ ಹುಡುಕಾಟವನ್ನು. ಆಪ್ಟ್ ಎಂಬ ಸಾಧನ ಪ್ಯಾಕೇಜಿನ ಹೆಸರಿನಲ್ಲಿ ಮತ್ತು ವಿವರಣೆಯಲ್ಲಿ ಪದವನ್ನು ಹುಡುಕಿ ಅಕಾರಾದಿಯಾಗಿ ಪಟ್ಟಿ ಕೊಡುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಎಂದು ಬರೆದರೆ ಗುಬ್ಬಿ, ನವಿಲು, ಲೋಹಿತ್ ಫಾಂಟುಗಳೂ ಟೆಸರಾಕ್ಟ್ ಓಸಿಆರ್‌ನ ಕನ್ನಡ ಕಡತವೂ ಕಾಣಿಸುತ್ತವೆ. ಆದರೆ ನವಿಲು ಕೈಬರಹದ ಶೈಲಿಯದು, ಪುಸ್ತಕದ ಒಳಪುಟಗಳಿಗೆ ಅದು ಹೊಂದುವುದಿಲ್ಲ ಎಂಬ ವಿವೇಕ ಅಕಾರಾದಿ ಪಟ್ಟಿಗೆ ಇರುವುದಿಲ್ಲ. ಹೆಸರುಗಳಲ್ಲೂ ಏಕರೂಪವಿಲ್ಲ. ಲಿಬ್ರೆ ಆಫೀಸ್‌ನ ಅನುವಾದಕ್ಕೆ ಕನ್ನಡವು ‘ಕೆಎನ್’, ಓಸಿಆರ್‌ಗೆ ‘ಕೆಎಎನ್’, ಫಾಂಟುಗಳಿಗೆ ‘ಕೆಎನ್‌ಡಿಎ’. ಮೊದಲೆರಡು ಭಾಷೆಯ ಸಂಕೇತಗಳು, ಮೂರನೆಯದು ಲಿಪಿಯದು. ಪ್ರತಿಯೊಂದರ ಹಿಂದೆಯೂ ಅಂತಾರಾಷ್ಟ್ರೀಯ ಮಾನದಂಡವಿದೆ; ಆದರೆ ಅದನ್ನು ಬಲ್ಲವರು ಪ್ಯಾಕೇಜು ತಯಾರಿಸುವವರೇ ಹೊರತು ಹುಡುಕುವವರಲ್ಲ.

ಕೀಲಿಮಣೆಯ ವಿಷಯದಲ್ಲಿ ಈ ಕ್ರಮ ಪೂರ್ತಿ ಕೈಕೊಡುತ್ತದೆ. ನುಡಿಯ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಇರುವುದು ಎಂ17ಎನ್-ಡಿಬಿ ಎಂಬ ಪ್ಯಾಕೇಜಿನೊಳಗೆ. ಅದರ ವಿವರಣೆ ಬಹುಭಾಷಾ ಪಠ್ಯ ಸಂಸ್ಕರಣೆಯ ದತ್ತಸಂಚಯ ಎಂದು ಹೇಳಿಕೊಳ್ಳುತ್ತದೆಯೇ ಹೊರತು ಕನ್ನಡದ ಮಾತೆತ್ತುವುದಿಲ್ಲ. ಅದೇ ವಿನ್ಯಾಸದ ಇನ್ನೊಂದು ರೂಪ ಎಕ್ಸ್‌ಕೆಬಿ-ಡೇಟಾದಲ್ಲಿದೆ. ಇದು ಡೆಸ್ಕ್‌ಟಾಪ್‌ನೊಂದಿಗೆ ತಾನಾಗಿಯೇ ಬಂದು ಕೂತಿರುವುದರಿಂದ ಹೊಸದೇನನ್ನೂ ಇಳಿಸಿಕೊಳ್ಳಬೇಕಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಸಾಕು. ಆಪ್ಟ್-ಫೈಲ್ ಎಂಬ ಸಾಧನ ಪ್ಯಾಕೇಜುಗಳ ಒಳಗಿನ ಕಡತಗಳನ್ನೂ ಹುಡುಕಬಲ್ಲದು ನಿಜ, ಆದರೆ ಅದಕ್ಕೆ ಕಡತದ ಹೆಸರು ಮೊದಲೇ ಗೊತ್ತಿರಬೇಕು.

ಪದದ ಹುಡುಕಾಟದ ಈ ಮಿತಿಯನ್ನು ಡೆಬಿಯನ್‌ನವರು ಬಹು ಹಿಂದೆಯೇ ಗುರುತಿಸಿದ್ದರು. ಎನ್ರಿಕೊ ಜಿನಿ ರೂಪಿಸಿದ ಡೆಬ್‌ಟ್ಯಾಗ್ಸ್ ಅದಕ್ಕೆ ಸಿಕ್ಕ ಅತ್ಯಂತ ವಿಚಾರಪೂರ್ಣ ಉತ್ತರ. ಅದರ ಬೇರು ಗ್ರಂಥಾಲಯ ವಿಜ್ಞಾನದಲ್ಲಿದೆ. ಎಸ್.ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಪುಸ್ತಕವನ್ನು ಒಂದೇ ಗೂಡಿಗೆ ಕಟ್ಟಿಹಾಕದೆ ಹಲವು ಮುಖಗಳಿಂದ ಗುರುತಿಸಿತು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ರಂಗನಾಥನ್ 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಡೆಬ್‌ಟ್ಯಾಗ್ಸ್ ಇದೇ ಮುಖವರ್ಗೀಕರಣವನ್ನು ತಂತ್ರಾಂಶಕ್ಕೆ ಅಳವಡಿಸಿತು: ಪ್ಯಾಕೇಜಿನ ಪಾತ್ರವೇನು, ಯಾವ ಕೆಲಸಕ್ಕೆ, ಯಾವ ಬಗೆಯ ದತ್ತಾಂಶದೊಂದಿಗೆ, ಯಾವ ಸಂಸ್ಕೃತಿಗೆ ಎಂದು ಒಂದೊಂದು ಮುಖಕ್ಕೂ ಬೇರೆ ಬೇರೆ ಗುರುತು. ಹೆಸರು ಗೊತ್ತಿಲ್ಲದಿದ್ದರೂ ಅಗತ್ಯವನ್ನು ಹೇಳಿ ಹತ್ತಿರ ಬರಬಹುದಾದ ದಾರಿ ಇದು.

ತತ್ತ್ವ ಸರಿಯಾಗಿದ್ದರೂ ಫಲ ಅಷ್ಟಕ್ಕಷ್ಟೆ. ಗ್ರಂಥಾಲಯದಲ್ಲಿ ವರ್ಗೀಕರಣ ಸಂಬಳದ ಕೆಲಸ. ಇಲ್ಲಿ ಗುರುತು ಹಚ್ಚುವುದು ಸ್ವಯಂಸೇವಕರ ಬಿಡುವಿನ ಕೆಲಸ. ‘ಇನ್ನೂ ಗುರುತು ಹಚ್ಚಿಲ್ಲ’ ಎಂಬುದಕ್ಕೇ ಒಂದು ಗುರುತು ಇರುವುದು ಪರಿಸ್ಥಿತಿಯನ್ನು ತಿಳಿಸುತ್ತದೆ. ಗುರುತಿಲ್ಲದ ಪ್ಯಾಕೇಜು ಇಂಥ ಹುಡುಕಾಟದ ಕಣ್ಣಿಗೆ ಬೀಳುವುದೇ ಇಲ್ಲ.

ಜನಪ್ರಿಯತೆಯನ್ನು ಅಳತೆಯಾಗಿಸುವ ಪಾಪ್‌ಕಾನ್‌ನ ಸಮಸ್ಯೆ ಬೇರೆ. ಒಪ್ಪಿಗೆ ಕೊಟ್ಟ ಬಳಕೆದಾರರ ಗಣಕಗಳು ಮಾತ್ರ ಅದಕ್ಕೆ ಲೆಕ್ಕ ಕಳಿಸುತ್ತವೆ. ಎರಡು ಸಮಾನ ಸಾಧನಗಳ ನಡುವೆ ಆರಿಸುವಾಗ ಈ ಲೆಕ್ಕ ನೆರವಾದೀತು. ಆದರೆ ಲೋಕದ ಬಳಕೆದಾರರ ನಡುವೆ ಕನ್ನಡಿಗರು ಕೆಲವರೇ ಆಗಿರುವಲ್ಲಿ ಕನ್ನಡದ ಪ್ಯಾಕೇಜು ಎಷ್ಟೇ ಚೆನ್ನಾಗಿದ್ದರೂ ಪಟ್ಟಿಯ ತಳದಲ್ಲೇ ಉಳಿಯುತ್ತದೆ.

ಇವೆಲ್ಲಕ್ಕಿಂತ ಕನ್ನಡದ ಬಳಕೆದಾರರಿಗೆ ಹೆಚ್ಚು ಒದಗಿರುವುದು ಟಾಸ್ಕ್‌ಸೆಲ್. ಡೆಬಿಯನ್ ಅಳವಡಿಸುವಾಗ ಭಾಷೆಯಾಗಿ ಕನ್ನಡವನ್ನು ಆರಿಸಿದರೆ ಆ ಭಾಷೆಗಾಗಿ ಮೊದಲೇ ಕಟ್ಟಿಟ್ಟ ಪ್ಯಾಕೇಜುಗಳ ಗುಂಪು ಒಟ್ಟಿಗೆ ಬರುತ್ತದೆ. ಹುಡುಕುವ ಹೊರೆಯನ್ನು ಬಲ್ಲವರು ಒಮ್ಮೆ ಹೊತ್ತರೆ ಉಳಿದವರ ಸಮಯ ಉಳಿಯುತ್ತದೆ. ಓದುಗರ ಸಮಯ ಉಳಿಸುವುದು ರಂಗನಾಥನ್ 1931ರಲ್ಲಿ ಮುಂದಿಟ್ಟ ಪಂಚಸೂತ್ರಗಳಲ್ಲಿ ಒಂದು. ಇದಕ್ಕೂ ಕೊರತೆಯುಂಟು. ಇಂಗ್ಲಿಷ್‌ನಲ್ಲಿ ಅಳವಡಿಸಿಕೊಂಡು ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಗುಂಪು ತಾನಾಗಿ ಬರುವುದಿಲ್ಲ, ಮತ್ತು ಗುಂಪಿನಲ್ಲಿ ಓದುವ, ಬರೆಯುವ ಮೂಲ ಅಗತ್ಯಗಳಾಚೆಗೆ ಹೆಚ್ಚೇನೂ ಇಲ್ಲ.

ಬೇರೆ ಭಂಡಾರಗಳ ಸ್ಥಿತಿಯೂ ಸುಗಮವಲ್ಲ. ಪೈಥಾನ್ ಭಂಡಾರವಾದ ಪೈಪಿಐ 2020ರ ಡಿಸೆಂಬರ್‌ನಲ್ಲಿ ಹೊರೆ ತಾಳಲಾರದೆ, ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಪಿಪ್ ಆದೇಶದ ಹುಡುಕಾಟವನ್ನೇ ನಿಲ್ಲಿಸಿತು. ಅದಕ್ಕೆ ಹೋಲಿಸಿದರೆ ಡೆಬಿಯನ್‌ನ ಪ್ರತಿ ಪ್ಯಾಕೇಜಿಗೂ ಒಬ್ಬ ಹೊಣೆಗಾರ ನಿರ್ವಾಹಕನೋ ತಂಡವೋ ಇರಬೇಕೆಂಬ ನಿಯಮವೇ ದೊಡ್ಡ ಅನುಕೂಲ: ಹುಡುಕಾಟಕ್ಕೆ ಸಿಗದ ಪ್ಯಾಕೇಜಿನ ಬಗ್ಗೆ ಕೇಳಲು ಯಾರಾದರೂ ಇರುತ್ತಾರೆ.

ಡೆಬಿಯನ್‌ನಲ್ಲಿ ಹುಡುಕುವ ಯಂತ್ರಗಳಿಗೆ ಬರವಿಲ್ಲ. ಕೊರತೆ ಇರುವುದು ಅವು ಓದುವ ವಿವರಣೆಗಳಲ್ಲಿ. ಪ್ಯಾಕೇಜು ಎಲ್ಲಿಂದ ಬಂತು, ಯಾವುದರಿಂದ ಕಟ್ಟಿದ್ದು ಎಂಬುದನ್ನು ಹೇಳುವ ವಿವರಣೆ ಅದು ಯಾರಿಗೆ, ಯಾವ ಕೆಲಸಕ್ಕೆ ಎಂಬುದನ್ನು ಹೇಳದೆ ಬಿಡುತ್ತದೆ. ಎಂ17ಎನ್-ಡಿಬಿಯ ವಿವರಣೆಯಲ್ಲಿ ಕನ್ನಡ, ನುಡಿ, ಕಗಪ, ಕೀಲಿಮಣೆ ಎಂಬ ನಾಲ್ಕು ಪದಗಳಿದ್ದರೆ ಮೇಲಿನ ತೊಡಕಿನ ಬಹುಪಾಲು ಕಳೆಯುತ್ತಿತ್ತು. ಇಂಥ ತಿದ್ದುಪಡಿಗೆ ಪ್ರೋಗ್ರಾಮಿಂಗ್ ಬರಬೇಕಿಲ್ಲ. ಡೆಬಿಯನ್‌ನ ದೋಷ ವರದಿ ವ್ಯವಸ್ಥೆ ಎಲ್ಲರಿಗೂ ತೆರೆದಿದೆ. ಸುಧಾರಣೆಯ ಕೋರಿಕೆಗಳಿಗೆ ಅದರಲ್ಲಿ ಪ್ರತ್ಯೇಕ ದರ್ಜೆಯೇ ಇದೆ. 2001ರಲ್ಲಿ ಆರಂಭವಾದ ವಿವರಣೆಗಳ ಅನುವಾದ ಯೋಜನೆಯಲ್ಲಿ ಕನ್ನಡ ಬರಹಗಾರರೂ ತೊಡಗಬಹುದು.