‘ರಂಧ್ರ’ ಶಬ್ದದ ವಿಮರ್ಶೆ

ಭಿನ್ನವಾದ ಎರಡು ಪದಾರ್ಥಗಳನ್ನು ಒಂದೇ ಹೆಸರಿನಲ್ಲಿ ಅಡಗಿಸುವದು ಪರಿಭಾಷೆಯ ದೋಷವೆಂಬದು ವಿದ್ವಾಂಸರಿಗೆ ವಿದಿತವೇ ಇದೆ. ಈ ದೋಷದ ಫಲವನ್ನು ನಾನು ಗ್ರಂಥದಲ್ಲಿ ಕಾಣಲಿಲ್ಲ. ನನ್ನ ದವಡೆಹಲ್ಲಿನಲ್ಲಿ ಕಂಡೆನು. ಆದುದರಿಂದ ಈ ವಿಚಾರ.

ಹಲ್ಲಿನ ಬೇರಿನೊಳಗೆ ಒಂದು ಸೂಕ್ಷ್ಮನಾಳವಿದ್ದು, ಅದು ಬೇರಿನ ತುದಿಯಲ್ಲಿ ತೆರೆದಿರುತ್ತದೆ. ಜನರು ‘ರೂಟ್ ಕೆನಾಲ್’ ಎನ್ನುವ ಚಿಕಿತ್ಸೆಯಲ್ಲಿ ವೈದ್ಯರು ಈ ನಾಳವನ್ನು ಫೈಲೆಂಬ ತೆಳುವಾದ ಲೋಹದ ಸಲಾಕೆಯಿಂದ ಶೋಧಿಸಿ ತುಂಬುವರು. ಆಗ ಫೈಲು ದಾರಿ ತಪ್ಪಿ ಬೇರಿನ ಗೋಡೆಯನ್ನು ಭೇದಿಸುವದೂ ಉಂಟು. ನನಗೆ ದೊರೆತ ಕನ್ನಡ ಪತ್ರಕದಲ್ಲಿ ಸ್ವಾಭಾವಿಕವಾದ ಆ ತೆರಪಿಗೂ ಆಕಸ್ಮಿಕವಾದ ಈ ಭೇದಕ್ಕೂ ‘ರಂಧ್ರ’ವೆಂಬ ಒಂದೇ ಶಬ್ದವಿತ್ತು.

ನಾಳದ ಆಳವನ್ನು ತಿಳಿಯಲು ‘ಏಪೆಕ್ಸ್ ಲೊಕೇಟರ್’ ಎಂಬ ವಿದ್ಯುತ್ಸಾಧನವಿದೆ. ಸುಶ್ರುತನು ನಾಡೀವ್ರಣದ ಗತಿಯನ್ನರಿಯಲು ಹೇಳಿದ ಏಷಣಿಯು ಕೈಯ ಸ್ಪರ್ಶವನ್ನೇ ನಂಬಿತ್ತು. ಇದು ವಿದ್ಯುತ್ತನ್ನು ನಂಬುತ್ತದೆ. ಒಂದು ತಂತಿಯ ಕೊಂಡಿಯನ್ನು ತುಟಿಗೆ ಸಿಕ್ಕಿಸಿ, ಇನ್ನೊಂದನ್ನು ಫೈಲಿಗೆ ಜೋಡಿಸುವರು. ಫೈಲಿನ ಮೊನೆಯು ಬೇರನ್ನು ಎಲುಬಿಗೆ ಬಿಗಿದಿರುವ ತಂತುಗಳನ್ನು ಮುಟ್ಟಿದೊಡನೆ ಸಾಧನವು ‘ತುದಿ ಬಂದಿತು’ ಎಂದು ಸಾರುತ್ತದೆ. ಬಾಯಿಯ ಒಳಚರ್ಮಕ್ಕೂ ಈ ತಂತುಗಳಿಗೂ ನಡುವಣ ವಿದ್ಯುದ್ರೋಧವು ಸ್ಥಿರವಾದುದೆಂದು ಜಪಾನಿನ ಸುಝುಕಿಯವರು 1942ರಲ್ಲಿ ಕಂಡರು. 1962ರಲ್ಲಿ ಸುನಾದರು ಅದು ಸುಮಾರು 6.5 ಕಿಲೋಓಮ್ ಎಂದು ಹಿಡಿದು, ಬೇರಿನ ಉದ್ದವನ್ನಳೆಯಲು ಬಳಸಿದರು.

ಆದರೆ ಗೋಡೆ ಭೇದಿಸಿದಲ್ಲಿಯೂ ಮೊನೆಯು ಅದೇ ತಂತುಗಳನ್ನು ಮುಟ್ಟುವದು. ಸಾಧನವು ಅದೇ ಮಾತನ್ನು ನುಡಿಯುವದು. ನೈಯಾಯಿಕರ ಮಾತಿನಲ್ಲಿ ಇದು ಅನೈಕಾಂತಿಕ ಹೇತು. ಕ್ಷ-ಕಿರಣಚಿತ್ರದಂತೆ 20 ಮಿಲಿಮೀಟರು ಆಳವಿರಬೇಕಾದ ನಾಳದಲ್ಲಿ 12ಕ್ಕೇ ತುದಿ ಬಂದಿತೆಂದರೆ, ಅದು ತುದಿಯಲ್ಲ, ಗೋಡೆಯ ಭೇದವೆಂದು ವೈದ್ಯನು ಶಂಕಿಸತಕ್ಕದ್ದು. ಕೆನ್ನೆಯ ಕಡೆಗೋ ನಾಲಗೆಯ ಕಡೆಗೋ ಆದ ಭೇದವು ಚಿತ್ರದಲ್ಲಿ ಬೇರಿನ ನೆರಳಿನೊಳಗೆ ಮರೆಯಾಗುವದರಿಂದ ಈ ಸೂಚನೆಯು ಅಮೂಲ್ಯವಾದುದು. ವಿವೇಕವು ಮಾತ್ರ ಯಂತ್ರದ್ದಲ್ಲ, ವೈದ್ಯನದು.

ನನ್ನ ವೈದ್ಯರಿಗೆ ಆ ವಿವೇಕವಿತ್ತು. ಅವರು ಚೀಟಿಯಲ್ಲಿ ‘ರಂಧ್ರ ಕಂಡಿದೆ, ಮುಚ್ಚಿಸಿಕೊಳ್ಳತಕ್ಕದ್ದು’ ಎಂದು ಬರೆದುಕೊಟ್ಟರು. ನಾನು ಪತ್ರಕವನ್ನು ಓದಿದ್ದವನಾದುದರಿಂದ, ಬೇರಿನ ತುದಿ ಸಿಕ್ಕಿತು, ಕಾರ್ಯ ಸುಗಮವಾಯಿತೆಂದು ಸಂತೋಷಪಟ್ಟು ಮೂರು ವಾರ ಸುಮ್ಮನಿದ್ದೆನು. ಗೋಡೆಯ ಭೇದವನ್ನು ತಡಮಾಡದೆ ಮುಚ್ಚದಿದ್ದರೆ ಸೋಂಕು ಎಲುಬಿಗೆ ಇಳಿಯುವದು, ಹಾಗೆಯೇ ಆಯಿತು. ಹಲ್ಲನ್ನು ಕೀಳಿಸಬೇಕಾಯಿತು. ಕೋಶಗಳ ನಡುವೆ ಬಾಳಿದ ನನಗೇ ಈ ಭ್ರಾಂತಿಯಾದರೆ, ನಿಪ್ಪಾಣಿಯ ತಂಬಾಕಿನ ಕೂಲಿಯವಳಿಗೆ ಆಗದೆ ಉಂಟೆ?

ಹಾಗಾದರೆ ಯಾವ ಶಬ್ದ? ಅಮರಕೋಶದ ಪಾತಾಳವರ್ಗವು ಸುಷಿರ, ವಿವರ, ಬಿಲ, ಛಿದ್ರ, ರಂಧ್ರಗಳನ್ನು ಪರ್ಯಾಯಗಳೆಂದೇ ಎಣಿಸಿರುವದರಿಂದ ಅಲ್ಲಿ ವಿಭಾಗ ದೊರೆಯದು. ಛಿದ್ ಧಾತುವಿನಿಂದ ಬಂದ ‘ಛಿದ್ರ’ವೇ ಭೇದಕ್ಕೆ ಯುಕ್ತವೆಂದು ನಾನು ಮೊದಲು ಎಣಿಸಿದ್ದೆನು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಕನ್ನಡ ಮರಾಠಿಗಳೆರಡೂ ನಡೆಯುತ್ತವೆ. ‘ಛಿದ್ರ’ವೆಂದರೆ ಮರಾಠಿಯವನು ಬರಿಯ ತೂತೆಂದು ತಿಳಿಯುವನು; ಕನ್ನಡಿಗನು ಹಲ್ಲೇ ಚೂರುಚೂರಾಯಿತೆಂದು ಬೆದರುವನು. ಆದಕಾರಣ ನನ್ನ ಪಕ್ಷವನ್ನು ನಾನೇ ಬಿಟ್ಟಿದ್ದೇನೆ.

ಉತ್ತರವು ನೀರು ತರುವ ಹೆಣ್ಣುಮಕ್ಕಳ ನಾಲಗೆಯಲ್ಲಿದೆ. ಕೊಡಕ್ಕೆ ಬಾಯಿ ಇರುತ್ತದೆ. ಕೊಡಕ್ಕೆ ತೂತು ಬೀಳುತ್ತದೆ. ಒಂದರ ಬದಲು ಇನ್ನೊಂದನ್ನು ಯಾರೂ ಹೇಳರು. ಮರಾಠಿಯಲ್ಲಿಯೂ ಘಾಗರಿಗೆ ‘ತೋಂಡ’ ಇರುವದು, ‘ಭೋಕ’ ಬೀಳುವದು. ಬೇರಿನ ತುದಿಯ ತೆರಪು ‘ಬೇರುಬಾಯಿ’, ಗೋಡೆಯ ಭೇದವು ‘ಬೇರುತೂತು’ ಎಂದಿರಲಿ. ಇವು ಗ್ರಾಮ್ಯವೆಂದು ಆಕ್ಷೇಪಿಸುವವರಿಗೆ ನನ್ನ ಉತ್ತರವಿಷ್ಟೇ: ‘ಬೇರಿಗೆ ತೂತು ಬಿದ್ದಿದೆ’ ಎಂದು ಬರೆದಿದ್ದರೆ ನಾನು ಮರುದಿನವೇ ಹೋಗುತ್ತಿದ್ದೆನು.